ಟೈರಿನ ಪಕ್ಕೆಯ ಬರಹ



ಟೈರ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಯಾವ ಕಂಪನಿ? ರೇಟು ಎಷ್ಟು? ಎಷ್ಟು ಸಾವಿರ ಕಿಲೋಮೀಟರ್ ಬಾಳಿಕೆ ಬರುತ್ತೆ? ಅಂಗಡಿಯವರು ಮೂರಕ್ಕೂ ಥಟ್ಟನೆ ಉತ್ತರ ಕೊಡುತ್ತಾರೆ. ಕೇಳದೆ ಉಳಿಯುವ ಪ್ರಶ್ನೆಗಳು ಇನ್ನೆರಡಿವೆ. ಇದು ಎಷ್ಟು ತೂಕ ಹೊರುತ್ತದೆ? ಇದು ಹುಟ್ಟಿದ್ದು ಯಾವಾಗ? ಇವೆರಡನ್ನು ಯಾರನ್ನೂ ಕೇಳಬೇಕಾಗಿಲ್ಲ. ಉತ್ತರ ಟೈರಿನ ಪಕ್ಕೆಯ ಮೇಲೆ ಉಬ್ಬಕ್ಷರಗಳಲ್ಲಿದೆ. ಕಪ್ಪಿನ ಮೇಲೆ ಕಪ್ಪು, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಧೂಳು ಒರೆಸಿ ಬೆರಳಾಡಿಸಿದರೆ ಸಿಗುತ್ತದೆ.

ಆ ಬರಹವನ್ನು ಓದುವುದು ಹೇಗೆ ಎಂಬುದು ಇವತ್ತಿನ ಮಾತು. ಅದರಲ್ಲೂ ಟ್ರೇಲರ್ ಗಾಲಿಗಳ ಬಗ್ಗೆ ತುಸು ಹೆಚ್ಚು ಹೇಳುತ್ತೇನೆ. ಕಾರಣ ಇಷ್ಟೆ. ಕಾರಿನ ಮುಂದಿನ ಟೈರಿನಲ್ಲಿ ಗಾಳಿ ಕಮ್ಮಿಯಾದರೆ ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ, ಚಾಲಕನಿಗೆ ಗೊತ್ತಾಗುತ್ತದೆ. ಹಿಂದೆ ಕಟ್ಟಿಕೊಂಡು ಬರುವ ಟ್ರೇಲರಿನ ಟೈರು ಕೆಟ್ಟರೆ ಮುಂದೆ ಕೂತವನಿಗೆ ಸುಳಿವೇ ಸಿಗುವುದಿಲ್ಲ. ಹಿಂದಿನಿಂದ ಯಾರಾದರೂ ಕೂಗಿ ಹೇಳಬೇಕು, ಇಲ್ಲವೇ ಟೈರೇ ಸಿಡಿದು ಹೇಳಬೇಕು. ಎಳೆಯುವ ಗಾಲಿಗೆ ಸಿಗುವ ಆರೈಕೆ ಎಳೆಸಿಕೊಳ್ಳುವ ಗಾಲಿಗೆ ಸಿಗುವುದಿಲ್ಲ. ಹೊರೆ ಮಾತ್ರ ಅದರ ಮೇಲೇ ಹೆಚ್ಚು.

ಮೊದಲು ಸುಲಭದ್ದನ್ನು ನೋಡೋಣ. ಅಳತೆ.

ನೀವೊಂದು ಸಣ್ಣ ಕಾರಿನ ಗಾಲಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದೀರಿ ಎಂದುಕೊಳ್ಳಿ. ಕಂಪನಿಯ ಹೆಸರನ್ನು ಬಿಟ್ಟರೆ ಎದ್ದು ಕಾಣುವ ಬರಹ ಒಂದಿರುತ್ತದೆ. ನಾನು ನಿಧಾನವಾಗಿ ಹೇಳುತ್ತೇನೆ. 185, ಒಂದು ಓರೆಗೆರೆ, 65, ಆಮೇಲೆ ಆರ್ ಅಕ್ಷರ, ಅದರ ಜೊತೆ 15. ಸ್ವಲ್ಪ ಜಾಗ ಬಿಟ್ಟು 88, ಕೊನೆಗೆ ಎಚ್ ಅಕ್ಷರ.

185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕೆಯ ಎತ್ತರ. ಆದರೆ ಇದು ಮಿಲಿಮೀಟರ್ ಅಲ್ಲ, ಅಗಲದ ನೂರಕ್ಕೆ 65 ಪಾಲು. ಅಂದರೆ ಸುಮಾರು 120 ಮಿಲಿಮೀಟರ್. 15 ಎಂದರೆ ಒಳಗಿನ ರಿಮ್ಮಿನ ವ್ಯಾಸ, ಅದು ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಒಂದು ಮಿಲಿಮೀಟರ್, ಒಂದು ಶೇಕಡಾ, ಒಂದು ಇಂಚು! ಇಂಥ ಕಲಸುಮೇಲೋಗರವನ್ನು ಇಡೀ ಜಗತ್ತು ಒಪ್ಪಿಕೊಂಡು ಕೂತಿದೆ. ನಾವೂ ಒಪ್ಪಿಕೊಳ್ಳೋಣ.

ನಡುವಿನ ಆರ್ ಅಕ್ಷರ ರೇಡಿಯಲ್ ಟೈರಿನ ಗುರುತು. ಟೈರಿನೊಳಗೆ ದಾರದ ಹಾಸುಗಳಿರುತ್ತವೆ. ರೇಡಿಯಲ್‌ನಲ್ಲಿ ಆ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡ ಹಾಯುತ್ತವೆ. ಅವುಗಳ ಮೇಲೆ, ನೆಲಕ್ಕೆ ತಾಗುವ ಭಾಗದಡಿ, ಉಕ್ಕಿನ ತಂತಿಯ ಪಟ್ಟಿ ಸುತ್ತಿರುತ್ತದೆ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಹಳೆಯ ಬಗೆಯಲ್ಲಿ ದಾರಗಳು ಓರೆಯಾಗಿ, ಒಂದರ ಮೇಲೊಂದು ಕತ್ತರಿಯಂತೆ ಹಾಯುತ್ತವೆ. ಅಂಥ ಟೈರಿನಲ್ಲಿ ಆರ್ ಅಕ್ಷರದ ಜಾಗದಲ್ಲಿ ಬರೀ ಒಂದು ಅಡ್ಡಗೆರೆ ಇರುತ್ತದೆ. ಸ್ಕೂಟರಿನ ಟೈರು ನೋಡಿ. 90, ಓರೆಗೆರೆ, 100, ಅಡ್ಡಗೆರೆ, 10 ಎಂದಿರುತ್ತದೆ. ಟ್ರ್ಯಾಕ್ಟರ್ ಟ್ರೇಲರಿನ ಟೈರು ನೋಡಿ. 9.00, ಅಡ್ಡಗೆರೆ, 16 ಎಂದಿರುತ್ತದೆ. ಅದು ಪೂರ್ತಿ ಇಂಚಿನ ಲೆಕ್ಕ. ಅಗಲ 9 ಇಂಚು, ರಿಮ್ 16 ಇಂಚು.

ಇಲ್ಲಿಯವರೆಗೆ ಅಳತೆ ಆಯಿತು. ಅಗಲ, ಪಕ್ಕೆ, ಕಟ್ಟಿದ ಬಗೆ, ರಿಮ್. ಇಷ್ಟನ್ನು ಅಂಗಡಿಯವರೇ ನೋಡಿ ಕೊಡುತ್ತಾರೆ, ಯಾಕೆಂದರೆ ಅಳತೆ ತಪ್ಪಿದರೆ ಟೈರು ಕೂರುವುದೇ ಇಲ್ಲ. ಆದರೆ ಅಳತೆ ಸರಿಯಾಗಿದ್ದೂ ತಪ್ಪು ಟೈರು ಕೂರಬಹುದು. ಅದನ್ನು ತಿಳಿಸುವುದು ಮುಂದಿನ ಅಂಕಿ. ನಮ್ಮ ಕಾರಿನ ಉದಾಹರಣೆಯಲ್ಲಿ ಅದು 88.

ಈ 88 ಕಿಲೋ ಅಲ್ಲ. ಇದೊಂದು ಸಂಕೇತ. ಈ ಸಂಕೇತಗಳ ಪಟ್ಟಿಯಲ್ಲಿ ನೋಡಿದರೆ 88ರ ಎದುರು 560 ಕಿಲೋ ಎಂದಿದೆ. ಒಂದು ಟೈರು ಗರಿಷ್ಠ 560 ಕಿಲೋ ಹೊರಬಲ್ಲದು ಎಂದರ್ಥ. ಸ್ಕೂಟರ್ ಟೈರಿನಲ್ಲಿ 53 ಎಂದಿದ್ದರೆ 200 ಕಿಲೋಗೆ ತುಸು ಮೇಲೆ. 100 ಎಂದಿದ್ದರೆ 800 ಕಿಲೋ. ಲಾರಿಯ ಟೈರಿನಲ್ಲಿ ಎರಡು ಅಂಕಿಗಳು ಜೊತೆಯಾಗಿ ಇರುತ್ತವೆ. 146, ಓರೆಗೆರೆ, 143. ಒಂಟಿಯಾಗಿ ಹಾಕಿದರೆ 3,000 ಕಿಲೋ, ಜೋಡಿಯಾಗಿ ಹಾಕಿದರೆ ಒಂದೊಂದಕ್ಕೆ 2,700 ಕಿಲೋಗಿಂತ ತುಸು ಹೆಚ್ಚು. ಜೋಡಿಯಾದಾಗ ಯಾಕೆ ಕಮ್ಮಿ? ಅಕ್ಕಪಕ್ಕದ ಎರಡು ಟೈರು ಹೊರೆಯನ್ನು ಸರಿಸಮವಾಗಿ ಹಂಚಿಕೊಳ್ಳುವುದಿಲ್ಲ. ರಸ್ತೆ ಉಬ್ಬಿದ ಕಡೆ ಒಂದರ ಮೇಲೇ ಭಾರ ಬೀಳುತ್ತದೆ.

ಕಾರಿಗೆ ಇಂಥ ಟೈರು ನಾಲ್ಕಿವೆ. 560ರಂತೆ ನಾಲ್ಕು, ಒಟ್ಟು 2,200 ಕಿಲೋ ಮೀರಿತು. ಜನ ತುಂಬಿದ ಸಣ್ಣ ಕಾರು ಅಷ್ಟು ತೂಗುವುದಿಲ್ಲ. ಉಳಿದದ್ದು ವ್ಯರ್ಥ ಎಂದುಕೊಳ್ಳಬೇಡಿ. ಬ್ರೇಕ್ ಒತ್ತಿದಾಗ ಭಾರ ಮುಂದಿನ ಗಾಲಿಗಳ ಮೇಲೆ ವಾಲುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿಗಳ ಮೇಲೆ ವಾಲುತ್ತದೆ. ಗುಂಡಿಗೆ ಬಿದ್ದಾಗಿನ ಏಟು ಬೇರೆ. ಆ ಮೀಸಲು ಬೇಕೇ ಬೇಕು. ಆದ್ದರಿಂದ ಟೈರ್ ಬದಲಿಸುವಾಗ ಈ ಅಂಕಿ ಮೊದಲಿದ್ದಷ್ಟೇ ಇರಲಿ, ಇಲ್ಲವೇ ಹೆಚ್ಚಿರಲಿ. ಕಮ್ಮಿಯಾಗುವುದು ಬೇಡ. ನೂರಿನ್ನೂರು ರೂಪಾಯಿ ಉಳಿತಾಯಕ್ಕಾಗಿ ಇದರಲ್ಲಿ ರಾಜಿಯಾಗುವುದು ಶುದ್ಧ ಹುಂಬತನ.

ಅಂಕಿಯ ಪಕ್ಕದ ಅಕ್ಷರ ವೇಗದ ಮಿತಿ. ಸ್ಕೂಟರಿನಲ್ಲಿ ಜೆ ಇದ್ದರೆ ಗಂಟೆಗೆ 100 ಕಿಲೋಮೀಟರ್. ಎಸ್ ಎಂದರೆ 180, ಎಚ್ ಎಂದರೆ 210. ನಮ್ಮ ರಸ್ತೆಗಳಲ್ಲಿ ಕಾರಿನವರಿಗೆ ಇದು ತಲೆನೋವಲ್ಲ. ಟ್ರೇಲರಿನವರಿಗೆ ತಲೆನೋವು. ಅದಕ್ಕೆ ಬರುತ್ತೇನೆ.

ಮೊದಲು ಗಾಳಿಯ ವಿಷಯ. ಅಳತೆ ನೋಡಿದೆವು, ಹೊರುವ ತೂಕ ನೋಡಿದೆವು. ಆ ತೂಕವನ್ನು ನಿಜಕ್ಕೂ ಹೊರುವುದು ರಬ್ಬರ್ ಅಲ್ಲ, ಒಳಗಿನ ಗಾಳಿ. ಲೆಕ್ಕ ಹಾಕಿ. ಕಾರಿನ ಒಂದು ಗಾಲಿಯ ಮೇಲೆ 300 ಕಿಲೋ ಭಾರವಿದೆ. ಗಾಳಿ 32 ಪೌಂಡ್ ಇದೆ. ಅಂದರೆ ಚದರ ಸೆಂಟಿಮೀಟರಿಗೆ ಎರಡು ಕಿಲೋಗಿಂತ ತುಸು ಹೆಚ್ಚು ಒತ್ತಡ. ಭಾಗಿಸಿದರೆ ನೆಲಕ್ಕೆ ತಾಗಿರುವ ಜಾಗ ಸುಮಾರು 135 ಚದರ ಸೆಂಟಿಮೀಟರ್. ಹೆಚ್ಚೆಂದರೆ ಒಂದು ಅಂಗೈ ಅಗಲ. ನಾಲ್ಕು ಅಂಗೈ ಅಗಲದ ಮೇಲೆ ಇಡೀ ಸಂಸಾರ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೋಗಿ ಬರುತ್ತದೆ.

ಗಾಳಿ ಕಮ್ಮಿಯಾದರೆ ಏನಾಗುತ್ತದೆ? ನೆಲಕ್ಕೆ ತಾಗುವ ಜಾಗ ಹಿಗ್ಗುತ್ತದೆ. ಪಕ್ಕೆ ಬಾಗುತ್ತದೆ. ಪ್ರತಿ ಸುತ್ತಿಗೂ ಬಾಗಿ, ನೆಟ್ಟಗಾಗಿ, ಮತ್ತೆ ಬಾಗುತ್ತದೆ. ನಿಮಿಷಕ್ಕೆ ನೂರಾರು ಸಲ. ಅದರಿಂದ ಬಿಸಿ ಹುಟ್ಟುತ್ತದೆ. ಆ ಬಿಸಿಗೆ ಒಳಗಿನ ಹಾಸುಗಳು ರಬ್ಬರಿನಿಂದ ಬಿಡಿಸಿಕೊಳ್ಳುತ್ತವೆ. ಹೆಚ್ಚು ಭಾರ ಹೇರಿದರೂ ಆಗುವುದು ಇದೇ. ಅದಕ್ಕೇ ಹೇಳಿದ್ದು, ಗಾಳಿ ಕಮ್ಮಿ ಮಾಡುವುದೂ ಭಾರ ಹೆಚ್ಚು ಮಾಡುವುದೂ ಟೈರಿನ ಮಟ್ಟಿಗೆ ಒಂದೇ ಅಪರಾಧ.

ಇಲ್ಲೊಂದು ಎಚ್ಚರಿಕೆ. ಟೈರಿನ ಪಕ್ಕೆಯಲ್ಲಿ ಗರಿಷ್ಠ ಗಾಳಿ ಎಷ್ಟು ಎಂದು ಬರೆದಿರುತ್ತದೆ. ಕಾರಿನ ಟೈರಿನಲ್ಲಿ ಅದು 44 ಅಥವಾ 51 ಪೌಂಡ್ ಇರಬಹುದು. ಅದು ಟೈರು ತಡೆಯುವ ಮಿತಿ. ನೀವು ಹಾಕಿಸಬೇಕಾದದ್ದು ಅಷ್ಟಲ್ಲ. ನಿಮ್ಮ ಕಾರಿಗೆ ಎಷ್ಟು ಬೇಕೋ ಅದು ಚಾಲಕನ ಬಾಗಿಲು ತೆರೆದರೆ ಕಾಣುವ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಜನ ತುಂಬಿದಾಗ ಎಷ್ಟು, ಖಾಲಿ ಇದ್ದಾಗ ಎಷ್ಟು ಎಂದು ಬೇರೆಬೇರೆಯಾಗಿ ಕೊಟ್ಟಿರುತ್ತಾರೆ. ಗಾಳಿ ನೋಡಿಸುವುದು ಟೈರು ತಣ್ಣಗಿದ್ದಾಗ. ದೂರ ಓಡಿ ಬಂದ ಟೈರಿನಲ್ಲಿ ನಾಲ್ಕೈದು ಪೌಂಡ್ ಹೆಚ್ಚು ತೋರಿಸುತ್ತದೆ. "ಅಣ್ಣಾ, ಜಾಸ್ತಿ ಇದೆ, ಬಿಡ್ಲಾ?" ಎಂದು ಪಂಕ್ಚರ್ ಅಂಗಡಿಯ ಹುಡುಗ ಕೇಳುತ್ತಾನೆ. ಬೇಡ ಎನ್ನಿ.

ಅಳತೆ, ತೂಕ, ಗಾಳಿ. ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಟ್ರೇಲರಿನ ಹತ್ತಿರ ಹೋಗೋಣ.

ಟ್ರ್ಯಾಕ್ಟರ್ ಟ್ರೇಲರಿನ ಟೈರಿನ ಮೇಲೆ 14 ಪಿ.ಆರ್. ಅಥವಾ 16 ಪಿ.ಆರ್. ಎಂದು ಬರೆದಿರುತ್ತದೆ. ಇದು ಬಟ್ಟೆಯ ಹಾಸುಗಳ ಹಳೆಯ ಲೆಕ್ಕ. ಹಿಂದೆ ಹತ್ತಿ ನೂಲಿನ ಹಾಸುಗಳನ್ನು ಒಂದರ ಮೇಲೊಂದು ಕೂರಿಸುತ್ತಿದ್ದರು. ಹಾಸು ಹೆಚ್ಚಿದಷ್ಟೂ ಬಲ ಹೆಚ್ಚು. ಈಗ ನೈಲಾನ್ ಬಂದಿದೆ. 16 ಎಂದು ಬರೆದ ಟೈರಿನೊಳಗೆ 16 ಹಾಸು ಇರುವುದಿಲ್ಲ. 16 ಹತ್ತಿ ಹಾಸಿನಷ್ಟು ಬಲ ಇದೆ ಎಂದಷ್ಟೇ ಅರ್ಥ. ಒಂದೇ ಅಳತೆಯ ಎರಡು ಟೈರುಗಳಲ್ಲಿ ಒಂದು 14, ಇನ್ನೊಂದು 16 ಇರಬಹುದು. ನೋಡಲು ಎರಡೂ ಒಂದೇ. ಹೊರುವ ತೂಕ ಒಂದೇ ಅಲ್ಲ.

ಮಂಡ್ಯದಲ್ಲಿ, ಬೆಳಗಾವಿಯಲ್ಲಿ, ಬಾಗಲಕೋಟೆಯಲ್ಲಿ ಕಬ್ಬಿನ ಹಂಗಾಮು ಶುರುವಾದರೆ ರಸ್ತೆಯ ತುಂಬ ಟ್ರೇಲರುಗಳು. ಒಂದು ಟ್ರೇಲರು ಹೊರೆಸಮೇತ 6 ಟನ್ ತೂಗುತ್ತದೆ ಎಂದುಕೊಳ್ಳಿ. ನಾಲ್ಕು ಗಾಲಿ. ಒಂದೊಂದಕ್ಕೆ ಒಂದೂವರೆ ಟನ್. ಇದು ಕಾಗದದ ಮೇಲಿನ ಲೆಕ್ಕ. ರಸ್ತೆಯ ಅಂಚು ಕೊರೆದಿದ್ದರೆ ಎಡಗಡೆಯ ಗಾಲಿಗಳು ತಗ್ಗಿಗೆ ಇಳಿಯುತ್ತವೆ, ಹೊರೆ ಎಡಕ್ಕೆ ವಾಲುತ್ತದೆ. ಆಗ ಎಡಗಡೆಯ ಎರಡು ಟೈರುಗಳ ಮೇಲೆ ಎಷ್ಟು ಬೀಳುತ್ತದೆ ಎಂದು ಯೋಚಿಸಿ. ಇನ್ನು ಆ ಎರಡರಲ್ಲಿ ಒಂದು ಬೋಳಾದ ಲಾರಿ ಟೈರು ಆಗಿದ್ದರೆ? "ಲಾರಿಗೆ ಆಗಲ್ಲ, ಟ್ರೇಲರಿಗೆ ಸಾಕು" ಎನ್ನುವ ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಭಾರ ಹೊರಲಾರದ್ದನ್ನು ಭಾರ ಹೊರುವ ಕೆಲಸಕ್ಕೇ ಹಾಕಿದಂತಾಯಿತು.

ವೇಗದ ಮಾತಿಗೆ ಬರುತ್ತೇನೆ ಎಂದಿದ್ದೆ. ಕೃಷಿ ಟೈರುಗಳಲ್ಲಿ ವೇಗದ ಗುರುತು ಎ ಅಕ್ಷರದ ಜೊತೆ ಒಂದು ಅಂಕಿ. ಎ-6 ಎಂದರೆ ಗಂಟೆಗೆ 30 ಕಿಲೋಮೀಟರ್. ಎ-8 ಎಂದರೆ 40. ಇಂಥ ಟೈರು ಅಷ್ಟು ತೂಕ ಹೊರುತ್ತದೆ ಎಂದು ಬರೆದಿರುವುದೇ ಈ ನಿಧಾನದ ಮೇಲೆ. ವೇಗ ಹೆಚ್ಚಿಸಿದರೆ ಹೊರೆ ಇಳಿಸಬೇಕು. ಹೊರೆಯೂ ಹೆಚ್ಚು, ವೇಗವೂ ಹೆಚ್ಚು ಎಂದರೆ ಟೈರು ಒಪ್ಪುವುದಿಲ್ಲ.

ನಮ್ಮ ಟೈರ್ ಗಾಡಿಯನ್ನೇ ನೋಡಿ. ಮರದ ಚಕ್ರದ ಬದಲು ರಬ್ಬರ್ ಟೈರು ಹಾಕಿದ ಎತ್ತಿನ ಗಾಡಿ. ಅದರ ಟೈರಿನ ಮೇಲೆ 8.00, ಅಡ್ಡಗೆರೆ, 19 ಎಂದಿದ್ದು, ಪಕ್ಕದಲ್ಲಿ ಎ.ಡಿ.ವಿ. ಎಂಬ ಮೂರು ಅಕ್ಷರಗಳಿರುತ್ತವೆ. ಪಶುಗಳು ಎಳೆಯುವ ವಾಹನದ ಟೈರು ಎಂದು ಅದರ ಅರ್ಥ. ಟೈರ್ ಕಂಪನಿಗಳು ಎತ್ತಿಗಾಗಿಯೇ ಮಾಡುವ ಟೈರು ಇದು! ಎತ್ತಿನ ನಡಿಗೆಗೆ ಹೊಂದಿಸಿದ್ದು. ಈಗ ಹಲವು ಕಡೆ ಎತ್ತು ಮಾರಿ, ಅದೇ ಗಾಡಿಯ ಮೂಕಿಯನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿ ಓಡಿಸುತ್ತಾರೆ. ಟೈರಿಗೆ ಎತ್ತು ಹೋದ ಸುದ್ದಿ ಗೊತ್ತಿಲ್ಲ. ಅದು ಎತ್ತಿನ ವೇಗಕ್ಕೇ ಮಾಡಿದ ಟೈರಾಗಿಯೇ ಉಳಿದಿದೆ.

ಟ್ರೇಲರಿನ ಟೈರಿಗೆ ಬೇರೆಯದೇ ಗುಣ ಬೇಕು ಎಂಬುದನ್ನು ಚೆನ್ನಾಗಿ ಗುರುತಿಸಿರುವುದು ಅಮೆರಿಕದ ದೋಣಿಯವರು. ಅಲ್ಲಿ ಮಿಷಿಗನ್, ಮಿನ್ನೆಸೋಟ ಮುಂತಾದ ಕಡೆ ಲೆಕ್ಕವಿಲ್ಲದಷ್ಟು ಸರೋವರಗಳಿವೆ. ಜನ ಸ್ವಂತ ದೋಣಿ ಇಟ್ಟುಕೊಳ್ಳುತ್ತಾರೆ. ಮನೆಯ ಅಂಗಳದಲ್ಲಿ ಎರಡು ಗಾಲಿಯ ಟ್ರೇಲರಿನ ಮೇಲೆ ದೋಣಿ ಕೂತಿರುತ್ತದೆ. ರಜೆ ಬಂದಾಗ ಕಾರಿಗೆ ಕಟ್ಟಿ ಎಳೆದೊಯ್ಯುತ್ತಾರೆ. ಅಲ್ಲಿ ನೆಲೆಸಿದ ನಮ್ಮವರ ಮನೆಗೆ ಹೋದಾಗ ನೀವೂ ನೋಡಿರಬಹುದು.

ಆ ಟ್ರೇಲರಿನ ಟೈರಿನ ಬರಹ ಎಸ್.ಟಿ. ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತದೆ. ಟ್ರೇಲರಿಗೆ ಮಾತ್ರ ಎಂಬ ಗುರುತು ಅದು. ಎಸ್.ಟಿ. 205, 75, ಆರ್ 14 ಎಂಬ ಅಳತೆಯ ಟೈರು ತೆಗೆದುಕೊಳ್ಳಿ. ಅದರಲ್ಲಿ ಸಿ ದರ್ಜೆಯದು 50 ಪೌಂಡ್ ಗಾಳಿಯಲ್ಲಿ ಸುಮಾರು 800 ಕಿಲೋ ಹೊರುತ್ತದೆ. ಬಿ, ಸಿ, ಡಿ, ಇ ಎಂಬ ಈ ದರ್ಜೆ ನಮ್ಮ ಪಿ.ಆರ್. ಲೆಕ್ಕವೇ. ಸಿ ಎಂದರೆ 6, ಡಿ ಎಂದರೆ 8. ಪಕ್ಕೆ ಗಡಸಾಗಿರುತ್ತದೆ. ಕೂತವರ ಸುಖ ನೋಡಬೇಕಾಗಿಲ್ಲ, ದೋಣಿ ಅತ್ತಿತ್ತ ಓಲಾಡದಿದ್ದರೆ ಸಾಕು. ಕಾರಿನ ಟೈರಿಗೆ ಗರಿಷ್ಠ ಗಾಳಿ ಹಾಕಬೇಡಿ ಎಂದೆನಲ್ಲ, ಇಲ್ಲಿ ಉಲ್ಟಾ. ಇಂಥ ಟೈರಿಗೆ ತಣ್ಣಗಿದ್ದಾಗ ಪಕ್ಕೆಯಲ್ಲಿ ಬರೆದ ಗರಿಷ್ಠ ಗಾಳಿಯನ್ನೇ ಹಾಕುವುದು ಅಲ್ಲಿನ ರೂಢಿ. ಬೇರೆ ಗುರುತು ಇಲ್ಲದಿದ್ದರೆ ವೇಗ ಗಂಟೆಗೆ 105 ಕಿಲೋಮೀಟರಿನ ಒಳಗಿರಬೇಕು ಎಂಬುದೂ ರೂಢಿಯೇ.

ಎರಡು ಟೈರು, 1,600 ಕಿಲೋ. ಇದರಲ್ಲಿ ದೋಣಿ, ಅದರ ಇಂಜಿನ್, ಟ್ರೇಲರಿನ ಸ್ವಂತ ತೂಕ ಎಲ್ಲ ಸೇರಬೇಕು. ಪೆಟ್ರೋಲನ್ನು ಬಹಳ ಜನ ಮರೆಯುತ್ತಾರೆ. 100 ಲೀಟರ್ ಪೆಟ್ರೋಲ್ 75 ಕಿಲೋ ತೂಗುತ್ತದೆ.

ಇನ್ನೊಂದು ಲೆಕ್ಕವೂ ಅಲ್ಲಿದೆ. ಟ್ರೇಲರಿನ ಮೂತಿ ಕಾರಿನ ಕೊಂಡಿಯ ಮೇಲೆ ಎಷ್ಟು ಭಾರ ಊರಬೇಕು ಎಂಬುದು. ಸಾಮಾನ್ಯ ಟ್ರೇಲರಿಗೆ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು. ದೋಣಿಯ ಟ್ರೇಲರಿಗೆ ಅದಕ್ಕಿಂತ ತುಸು ಕಮ್ಮಿ. ಮೂತಿ ತೀರಾ ಹಗುರಾಗಿ ಭಾರವೆಲ್ಲ ಹಿಂದೆ ಬಿದ್ದರೆ ಟ್ರೇಲರು ಬಾಲ ಬೀಸತೊಡಗುತ್ತದೆ. ಮೂತಿ ತೀರಾ ಭಾರವಾದರೆ ಎಳೆಯುವ ಗಾಡಿಯ ಮುಂದಿನ ಗಾಲಿ ಹಗುರಾಗುತ್ತದೆ. ಏರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಮೇಲೆದ್ದ ದೃಶ್ಯ ನಮ್ಮ ರೈತರಿಗೆ ಹೊಸದಲ್ಲ. ಅದು ಇದೇ ಲೆಕ್ಕ.

ದೋಣಿಯನ್ನು ನೀರಿಗೆ ಬಿಡುವಾಗ ಟ್ರೇಲರನ್ನು ಹಿಂದಕ್ಕೆ ನಡೆಸಿ, ಗಾಲಿಗಳು ಮುಳುಗುವವರೆಗೆ ಇಳಿಜಾರಿನಲ್ಲಿ ಇಳಿಸುತ್ತಾರೆ. ದೋಣಿ ತೇಲುತ್ತದೆ. ಅಪಾಯ ಇರುವುದು ಗಾಲಿಯ ನಡುವಿನ ಹಬ್ಬಿನಲ್ಲಿ. ಅದರೊಳಗೆ ಬೇರಿಂಗ್ ಇದೆ, ಗ್ರೀಸ್ ಇದೆ. ದೂರ ಓಡಿ ಬಂದ ಹಬ್ಬು ಬಿಸಿಯಾಗಿರುತ್ತದೆ. ತಣ್ಣೀರಿಗೆ ಇಳಿದ ಕೂಡಲೆ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಹಬ್ಬು ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಗ್ರೀಸ್ ಬೆಳ್ಳಗೆ ಹಾಲಿನಂತಾಗುತ್ತದೆ. ಬೇರಿಂಗಿಗೆ ತುಕ್ಕು. ಅದಕ್ಕೇ ಅಲ್ಲಿನ ತಿಳಿದವರು ದಡದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಹಬ್ಬು ಮುಟ್ಟಿ ನೋಡಿ, ಆಮೇಲೆ ಇಳಿಸುತ್ತಾರೆ. ಇದು ಬರೀ ದೋಣಿಯವರ ಪಾಠವಲ್ಲ. ಹೊಳೆಗೆ, ಕೆರೆಗೆ ಟ್ರ್ಯಾಕ್ಟರು ಟ್ರೇಲರು ಇಳಿಸಿ ತೊಳೆಯುವವರೂ ಕೇಳಿಸಿಕೊಳ್ಳಬೇಕಾದ ಮಾತು.

ಅಳತೆ, ತೂಕ, ಗಾಳಿ, ವೇಗ ಆಯಿತು. ಉಳಿದದ್ದು ವಯಸ್ಸು.

ದೋಣಿಯ ಟ್ರೇಲರಿಗೂ ಕಬ್ಬಿನ ಟ್ರೇಲರಿಗೂ ಒಂದು ಹೋಲಿಕೆ ಇದೆ. ಎರಡೂ ವರ್ಷದ ಬಹುಪಾಲು ನಿಂತೇ ಇರುತ್ತವೆ. ಅವುಗಳ ಟೈರು ಹೆಚ್ಚು ಸವೆಯುವುದಿಲ್ಲ. ನೆಲಕ್ಕೆ ತಾಗುವ ಬಟನ್ ಚೆನ್ನಾಗಿ ಕಾಣುತ್ತದೆ. ಆದರೆ ರಬ್ಬರ್ ಹಣ್ಣಾಗಿರುತ್ತದೆ. ಟೈರಿನ ರಬ್ಬರಿಗೆ ಮೇಣದಂಥ ರಕ್ಷಕ ವಸ್ತುಗಳನ್ನು ಬೆರೆಸಿರುತ್ತಾರೆ. ಟೈರು ಓಡಿ ಬಾಗುತ್ತಿದ್ದರೆ ಅವು ಮೇಲ್ಮೈಗೆ ಬರುತ್ತವೆ, ಬಿಸಿಲನ್ನೂ ಗಾಳಿಯಲ್ಲಿನ ಓಜೋನನ್ನೂ ತಡೆಯುತ್ತವೆ. ನಿಂತ ಟೈರಿನಲ್ಲಿ ಅದು ಅಷ್ಟಾಗಿ ನಡೆಯುವುದಿಲ್ಲ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಮುಂದಿನ ಹಂಗಾಮಿಗೆ ಹೊರೆ ಹೇರಿದ ದಿನ ಆ ಬಿರುಕು ಬಾಯಿಬಿಡುತ್ತದೆ.

ವಯಸ್ಸನ್ನು ತಿಳಿಯುವುದು ಹೇಗೆ? ಪಕ್ಕೆಯಲ್ಲಿ ಒಂದು ಸಣ್ಣ ಅಂಡಾಕಾರದ ಚೌಕಟ್ಟು ಹುಡುಕಿ. ಅದರೊಳಗೆ ನಾಲ್ಕು ಅಂಕಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ, ಅಂದರೆ ಜೂನ್ ಸುಮಾರಿಗೆ ಹುಟ್ಟಿದ್ದು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು, ಮುಟ್ಟಲೇಬೇಡಿ. ಎಷ್ಟೋ ಸಲ ಈ ಅಂಕಿಗಳು ಒಂದು ಪಕ್ಕೆಯಲ್ಲಿ ಮಾತ್ರ ಇರುತ್ತವೆ, ಅದು ಒಳಗಡೆಗೆ ತಿರುಗಿರುತ್ತದೆ. ಗಾಡಿಯ ಅಡಿಗೆ ಬಗ್ಗಿ ನೋಡಬೇಕು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ವರ್ಷಕ್ಕೆ ಚೆನ್ನಾಗಿ ಕಂಡರೂ ಬದಲಿಸಿ ಎಂದು ತಯಾರಕರೇ ಹೇಳುತ್ತಾರೆ.

ಸವೆತದ ಗುರುತನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಆಯುಷ್ಯ ಮುಗಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಗೀರಿನ ಆಳ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ 0.8 ಮಿಲಿಮೀಟರ್, ಉಳಿದವಕ್ಕೆ 1.6 ಮಿಲಿಮೀಟರಿಗಿಂತ ಕಮ್ಮಿ ಇರಕೂಡದು. ಕಾರು, ಸ್ಕೂಟರ್, ಲಾರಿಗಳ ಹೊಸ ಟೈರಿನ ಮೇಲೆ ಐ.ಎಸ್.ಐ. ಗುರುತು ಇರಲೇಬೇಕು.

ಮೈಸೂರಿನಲ್ಲಿ ವಿಕ್ರಾಂತ್ ಹೆಸರಿನ ಟೈರ್ ಕಾರ್ಖಾನೆ ಇತ್ತು, 1997ರಲ್ಲಿ ಅದು ಜೆ.ಕೆ. ಟೈರ್ ಕೈಗೆ ಬಂತು. ಟೈರು ಮಾಡುವ ನಾಡೇ ನಮ್ಮದು. ಅದನ್ನು ಓದುವುದನ್ನೂ ಕಲಿಯೋಣ.

ರೈತ ಬಾಂಧವರೇ, ಹಂಗಾಮು ಮುಗಿದ ಮೇಲೆ ಟ್ರೇಲರನ್ನು ಹೊರೆಸಮೇತ ನಿಲ್ಲಿಸಬೇಡಿ. ಅಚ್ಚಿನ ಕೆಳಗೆ ಕಲ್ಲೋ ಮರದ ದಿಮ್ಮಿಯೋ ಕೊಟ್ಟು ಗಾಲಿಗಳನ್ನು ನೆಲದಿಂದ ಎತ್ತಿಡಿ. ಬಿಸಿಲು ಬೀಳುವ ಕಡೆಗೆ ಗೋಣಿತಾಟು ಹೊದಿಸಿ. ಮತ್ತೆ ಹೂಡುವ ಮುನ್ನ ಪಕ್ಕೆಗಳನ್ನು ಒರೆಸಿ ಬಿರುಕು ಹುಡುಕಿ, ಗಾಳಿ ತುಂಬಿಸಿ. ಇನ್ನು ಟೈರ್ ಕೊಳ್ಳುವವರೆಲ್ಲರಿಗೂ ಒಂದು ವಿನಂತಿ. ಹೊರುವ ತೂಕದ ಅಂಕಿಯನ್ನೂ ಹುಟ್ಟಿದ ವಾರದ ಆ ನಾಲ್ಕು ಅಂಕಿಗಳನ್ನೂ ನಿಮ್ಮ ಕಣ್ಣಾರೆ ಓದಿ, ಬಿಲ್ಲಿನ ಮೇಲೆ ಬರೆಸಿಕೊಂಡು ಆಮೇಲೆ ದುಡ್ಡು ಕೊಡಿ.